ಅಟ್ಟದ ಕಾಯಿ, ತೀರ್ಮಾನವಾಗದ ಮನಸ್ಸು

ಚನ್ನರಾಯಪಟ್ಟಣ ಸೀಮೆಯ ತೆಂಗಿನ ತೋಟದ ಮನೆಗಳಲ್ಲಿ ಅಟ್ಟದ ಮೇಲೆ ಕಾಯಿ ಇರುತ್ತದೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಪೇರಿಸಿಟ್ಟು ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ಒಳಗಿನ ನೀರು ಹಿಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಲೊಡಲೊಡ ಎಂದರೆ ಗಿಟಕು ಆಗಿದೆ ಅಂತ ಲೆಕ್ಕ. ಆದರೂ ಒಡೆಯುವವರೆಗೆ ಪೂರ್ತಿ ಭರವಸೆಯಿಲ್ಲ, ಒಳಗೆ ಕೆಟ್ಟಿರಲೂಬಹುದು. ಕೊಬ್ಬರಿ ಚೆನ್ನಾಗಿದೆಯೋ ಕೆಟ್ಟಿದೆಯೋ ಎನ್ನುವುದು ಚಿಪ್ಪಿನೊಳಗೆ ಆಗಲೇ ತೀರ್ಮಾನವಾಗಿ ಹೋಗಿದೆ, ನಮಗೆ ಗೊತ್ತಿಲ್ಲ ಅಷ್ಟೇ. ಮಚ್ಚಿನ ಏಟು ಬಿದ್ದಾಗ ಇದ್ದದ್ದು ಕಾಣುತ್ತದೆ.

ಮನುಷ್ಯನ ಮನಸ್ಸನ್ನೂ ನಾವು ಈ ಕಾಯಿಯ ಹಾಗೆಯೇ ಭಾವಿಸಿಕೊಂಡು ಬಂದಿದ್ದೇವೆ. ಚುನಾವಣೆಗೆ ಮುಂಚೆ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಯಾರಿಗೆ ಓಟು?’ ಎಂದು ಕೇಳುವ ಸಮೀಕ್ಷೆಯವರು, ‘ಈ ಸಲ ಏನು ಬೆಳೆ?’ ಎಂದು ಕೇಳಿ ಬರೆದುಕೊಳ್ಳುವ ಅಧಿಕಾರಿಗಳು, ಹೆಣ್ಣು ನೋಡಿ ಬಂದ ಹುಡುಗನನ್ನು ‘ಒಪ್ಪಿಗೆಯೇನಪ್ಪ?’ ಎಂದು ವಿಚಾರಿಸುವ ಸೋದರಮಾವ, ಎಲ್ಲರ ನಂಬಿಕೆಯೂ ಒಂದೇ: ಉತ್ತರ ಒಳಗಿದೆ, ಕೇಳಿದರೆ ಹೊರಗೆ ಬರುತ್ತದೆ. ಈಚಿನ ಕೆಲವು ದಶಕಗಳಿಂದ ಮನಶ್ಶಾಸ್ತ್ರಜ್ಞರ ಒಂದು ಗುಂಪು ಇದನ್ನು ಒಪ್ಪುತ್ತಿಲ್ಲ. ಎಷ್ಟೋ ಸಲ ಉತ್ತರ ಒಳಗೆ ಇರುವುದೇ ಇಲ್ಲ, ಪ್ರಶ್ನೆ ಬಿದ್ದ ಗಳಿಗೆಯಲ್ಲಿ ಹುಟ್ಟುತ್ತದೆ ಎನ್ನುತ್ತಾರೆ ಅವರು. ಆ ಮಾತಿಗೆ ಬೇಕಾದ ಲೆಕ್ಕವನ್ನು ಕ್ವಾಂಟಮ್ ಸಿದ್ಧಾಂತದಿಂದ ಎರವಲು ತಂದಿದ್ದಾರೆ. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಅರಕಲಗೂಡು ತಾಲ್ಲೂಕಿನ ನಮ್ಮ ದೊಡ್ಡಪ್ಪ.

ಆಗ ಮೇ ತಿಂಗಳು. ಭರಣಿ ಮಳೆ ಒಂದೆರಡು ಹದ ಬಿದ್ದಿತ್ತು. ಹಾಸನದ ಎಪಿಎಂಸಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಬಂದಿದ್ದವು. ಎಕರೆಗೆ ಐದಾರು ಕ್ವಿಂಟಾಲ್ ಬಿತ್ತನೆ ಗಡ್ಡೆ ಬೇಕು, ಬೆಳೆಯ ಖರ್ಚಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ನಾನು ಕೇಳಿದೆ: “ಮೂರು ತಿಂಗಳು ಬಿಟ್ಟು ಒಳ್ಳೆ ರೇಟು ಇರುತ್ತೆ ಅಂತ ಈಗಲೇ ಗೊತ್ತಾದ್ರೆ ಹಾಕ್ತೀರಾ ದೊಡ್ಡಪ್ಪ?”

“ಇನ್ನೇನು ಮತ್ತೆ, ಹಾಕದೇಯ.”

“ರೇಟು ಬಿದ್ದೋಗುತ್ತೆ ಅಂತ ಗೊತ್ತಾದ್ರೆ?”

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಆಗ್ಲೂ ಹಾಕದೇಯ ಕಣಪ್ಪ. ಗಡ್ಡೆ ಕಿತ್ತ ಹೊಲದಲ್ಲಿ ಹಿಂದ್ಲಿಂದ ರಾಗಿ ಚೆನ್ನಾಗ್ ಬತ್ತದೆ. ಹೊಲ ಸುಮ್ನೆ ಬಿಡಕಾಯ್ತದಾ?”

“ಹಂಗಾದ್ರೆ ನಾಳೆ ಹಾಸನಕ್ಕೆ ಹೋಗಿ ಬೀಜ ತಂದುಬಿಡಣ.”

“ತಡಿ ಮಗ. ಇನ್ನೂ ಏನೂ ಗೊತ್ತಿಲ್ವಲ್ಲ. ನೋಡನ.”

ನನಗೆ ಸಿಟ್ಟು ಬಂತು. ರೇಟು ಏರಿದರೂ ಹಾಕುತ್ತೀರಿ, ಇಳಿದರೂ ಹಾಕುತ್ತೀರಿ, ಮೂರನೆಯದೊಂದು ಇಲ್ಲವೇ ಇಲ್ಲ, ಹಾಗಿದ್ದ ಮೇಲೆ ಏನನ್ನು ನೋಡುವುದು ಎಂದು ವಾದ ಹೂಡಿದೆ. ಅವರು ಉತ್ತರ ಕೊಡದೆ ಎದ್ದು ಕೊಟ್ಟಿಗೆ ಕಡೆ ಹೋದರು. ಓದಿದವನು ಗೆದ್ದೆ ಅಂದುಕೊಂಡೆ. ಆ ಗೆಲುವು ಈಗ ನನ್ನನ್ನು ನಾಚಿಸುತ್ತದೆ.

ನನ್ನ ವಾದಕ್ಕೆ ಶಾಸ್ತ್ರದ ಬೆಂಬಲ ಇತ್ತು ಎನ್ನುವುದು ನಿಜ. ಲಿಯೊನಾರ್ಡ್ ಸ್ಯಾವೇಜ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞ 1954ರಲ್ಲಿ ಇದನ್ನೇ ಒಂದು ನಿಯಮವಾಗಿ ಬರೆದಿಟ್ಟರು. ಒಂದು ಘಟನೆ ನಡೆದರೂ ನೀವು ಮಾಡುವುದು ಇದೇ, ನಡೆಯದಿದ್ದರೂ ಮಾಡುವುದು ಇದೇ ಎಂದಾದರೆ, ಆ ಘಟನೆ ಏನಾಗುತ್ತದೆಂದು ತಿಳಿಯದಿರುವಾಗಲೂ ಅದನ್ನೇ ಮಾಡಬೇಕು. ಅವರ ಉದಾಹರಣೆಯಲ್ಲಿ ಒಬ್ಬ ವ್ಯಾಪಾರಿ ಆಸ್ತಿ ಕೊಳ್ಳಲು ಹೊರಟಿದ್ದಾನೆ, ಅಧ್ಯಕ್ಷರ ಚುನಾವಣೆಯಲ್ಲಿ ಯಾವ ಪಕ್ಷ ಗೆಲ್ಲುತ್ತದೋ ಎಂದು ಯೋಚಿಸುತ್ತಿದ್ದಾನೆ. ಅರ್ಥಶಾಸ್ತ್ರದ ‘ವಿವೇಕಿ ಮನುಷ್ಯ’ ನಿಂತಿರುವ ಕಂಬಗಳಲ್ಲಿ ಈ ನಿಯಮವೂ ಒಂದು.

1992ರಲ್ಲಿ ಆಮೊಸ್ ಟ್ವೆರ್ಸ್ಕಿ ಮತ್ತು ಎಲ್ದಾರ್ ಶಫೀರ್ ಆ ಕಂಬವನ್ನು ಅಲ್ಲಾಡಿಸಿ ನೋಡಿದರು. ವಿದ್ಯಾರ್ಥಿಗಳಿಗೆ ಒಂದು ಜೂಜು ಕೊಟ್ಟರು: ನಾಣ್ಯ ಚಿಮ್ಮಿ ಗೆದ್ದರೆ 200 ಡಾಲರ್ ಬರುತ್ತದೆ, ಸೋತರೆ 100 ಡಾಲರ್ ಹೋಗುತ್ತದೆ. ಒಂದು ಸಲ ಆಡಿ ಆಗಿದೆ ಎಂದುಕೊಳ್ಳಿ, ಇನ್ನೊಂದು ಸಲ ಆಡುತ್ತೀರಾ? ಮೊದಲನೆಯದರಲ್ಲಿ ಗೆದ್ದಿದ್ದೀರಿ ಎಂದು ಹೇಳಿದಾಗ ನೂರಕ್ಕೆ 69 ಜನ ಆಡುತ್ತೇವೆ ಎಂದರು. ಸೋತಿದ್ದೀರಿ ಎಂದಾಗ 59 ಜನ ಆಡುತ್ತೇವೆ ಎಂದರು. ಫಲಿತಾಂಶ ಇನ್ನೂ ತಿಳಿದಿಲ್ಲ ಎಂದಾಗ ಆಡುತ್ತೇವೆ ಎಂದವರು 36 ಮಾತ್ರ. ಇನ್ನೊಂದು ಪ್ರಯೋಗ ಇದಕ್ಕಿಂತ ಮನಸ್ಸಿಗೆ ಹತ್ತಿರ. ಪರೀಕ್ಷೆ ಬರೆದು ದಣಿದ ವಿದ್ಯಾರ್ಥಿಗೆ ಹವಾಯಿ ದ್ವೀಪದ ಪ್ರವಾಸವೊಂದು ಅಗ್ಗದಲ್ಲಿ ಸಿಗುತ್ತದೆ. ಪಾಸಾದರೆ ಸಂಭ್ರಮಕ್ಕೆ ಹೋಗುತ್ತಾರೆ, ಫೇಲಾದರೆ ಸಮಾಧಾನಕ್ಕೆ ಹೋಗುತ್ತಾರೆ. ಎರಡು ಸಂದರ್ಭದಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಟಿಕೆಟ್ ಕೊಳ್ಳುತ್ತೇವೆ ಎಂದರು. ಫಲಿತಾಂಶ ಗೊತ್ತಿಲ್ಲದಾಗ ಮಾತ್ರ ನೂರಕ್ಕೆ 61 ಜನ ಕೈಯಿಂದ 5 ಡಾಲರ್ ಕೊಟ್ಟು ತೀರ್ಮಾನವನ್ನೇ ಮುಂದಕ್ಕೆ ಹಾಕುತ್ತೇವೆ ಎಂದರು.

ಇದನ್ನು ಓದುತ್ತಿದ್ದಂತೆ ಕೊಟ್ಟಿಗೆ ಕಡೆ ನಡೆದುಹೋದ ದೊಡ್ಡಪ್ಪನ ಬೆನ್ನು ಕಣ್ಣಿಗೆ ಕಟ್ಟಿತು. ಓದಿನಲ್ಲಿ ಮುಂದಿದ್ದ ಹುಡುಗರು ಕೂಡ “ತಡಿ, ನೋಡನ” ಎಂದೇ ಹೇಳಿದ್ದರು. ಟ್ವೆರ್ಸ್ಕಿ ಮತ್ತು ಶಫೀರ್ ಕೊಟ್ಟ ವಿವರಣೆ ಸರಳವಾಗಿದೆ, ಅದು ನಮ್ಮ ಹೊಲಕ್ಕೂ ಒಪ್ಪುತ್ತದೆ. ಒಂದು ಕೆಲಸಕ್ಕೆ ಕೈ ಹಾಕಲು ಮನುಷ್ಯನಿಗೆ ಕಾರಣ ಬೇಕು. ರೇಟು ಏರಿದರೆ ಲಾಭ ಒಂದು ಕಾರಣ, ಇಳಿದರೆ ಹಿಂದಿನಿಂದ ಬರುವ ರಾಗಿ ಇನ್ನೊಂದು ಕಾರಣ. ಏನೂ ಗೊತ್ತಿಲ್ಲದಾಗ ಎರಡು ಕಾರಣವೂ ಅರ್ಧರ್ಧ ಆಗಿ ಉಳಿಯುತ್ತವೆ, ಎರಡು ಅರ್ಧ ಸೇರಿ ಒಂದು ಪೂರ್ತಿ ಕಾರಣ ಆಗುವುದಿಲ್ಲ. ಹಾಸನದ ಆಲೂಗಡ್ಡೆ ರೈತನಿಗೆ ರೇಟಿನ ಜೊತೆ ಅಂಗಮಾರಿಯ ಭಯವೂ ಇದೆ. ಮೋಡ ಮುಚ್ಚಿಕೊಂಡು ಜಡಿಮಳೆ ಹಿಡಿದರೆ ಹಸಿರಾಗಿದ್ದ ಹೊಲ ಕೆಲವೇ ದಿನದಲ್ಲಿ ಸುಟ್ಟ ಹಾಗೆ ಕಪ್ಪಾಗುತ್ತದೆ. ಜಿಲ್ಲೆಯ ಆಲೂಗಡ್ಡೆ ಹೊಲಗಳಲ್ಲಿ ಬಹುಪಾಲು ಮುಸುಕಿನ ಜೋಳಕ್ಕೂ ಶುಂಠಿಗೂ ಹೋಗಿರುವುದರ ಹಿಂದೆ ಈ ನೆನಪು ಇದೆ.

ಮಾತಿನ ವಿವರಣೆ ಸಾಕಾಗದೆ ಅಂಕಿಗೆ ಒಂದು ಲೆಕ್ಕ ಬೇಕು ಎಂದು ಹೊರಟವರಲ್ಲಿ ಮುಖ್ಯರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಜೆರೋಮ್ ಬುಸೆಮೇಯರ್. ಆಸ್ಟ್ರೇಲಿಯಾದ ಪೀಟರ್ ಬ್ರೂಜಾ ಜೊತೆ ಸೇರಿ ಅವರು 2012ರಲ್ಲಿ ಬರೆದ ಪುಸ್ತಕ ಈ ಕ್ಷೇತ್ರದ ಪಠ್ಯದಂತಿದೆ. ಅವರು ತೋರಿಸುವ ತೊಡಕು ಹೀಗಿದೆ. ಗೆಲುವು ಸೋಲು ಎರಡಕ್ಕೂ ಸಮಪಾಲು ಕೊಟ್ಟರೆ, ತಿಳಿಯದಿರುವಾಗ ಆಡುವವರು 69 ಮತ್ತು 59ರ ನಡುವೆ, ಅಂದರೆ 64ರ ಆಸುಪಾಸು ಇರಬೇಕು. ಪಾಲು ಹೆಚ್ಚು ಕಡಿಮೆ ಮಾಡಿದರೂ 59ರ ಕೆಳಕ್ಕೆ ಇಳಿಯಲು ಸಾಧ್ಯವಿಲ್ಲ. ಬಂದದ್ದು 36. ಸಾಮಾನ್ಯ ಸಂಭವನೀಯತೆಯ ಗಣಿತದಲ್ಲಿ ಈ 28ರ ಕೊರತೆಗೆ ಜಾಗವೇ ಇಲ್ಲ.

ಇಂಥ ಕೊರತೆಯನ್ನು ಭೌತವಿಜ್ಞಾನಿಗಳು ಬೆಳಕಿನಲ್ಲಿ ಕಂಡಿದ್ದರು. ಎರಡು ಸೀಳುಗಳ ಮೂಲಕ ಹಾಯ್ದ ಬೆಳಕು ತೆರೆಯ ಮೇಲೆ ಕೆಲವೆಡೆ ಕತ್ತಲೆಯ ಪಟ್ಟಿ ಮೂಡಿಸುತ್ತದೆ. ಒಂದೊಂದೇ ಸೀಳು ತೆರೆದಿದ್ದಾಗ ಬೆಳಕಿದ್ದ ಜಾಗದಲ್ಲಿ ಎರಡನ್ನೂ ತೆರೆದರೆ ಕತ್ತಲೆ! ಗೊರೂರಿನ ಹಿನ್ನೀರಿನಲ್ಲಿ ಎರಡು ತೆಪ್ಪ ಹೊರಟಾಗ ಎದ್ದ ಅಲೆಗಳನ್ನು ನೋಡಿದವರಿಗೆ ಇದು ಹೊಸದೇನಲ್ಲ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಂದು ಸೇರಿದ ಕಡೆ ನೀರು ಸಮವಾಗುತ್ತದೆ. ಕ್ವಾಂಟಮ್ ಲೆಕ್ಕದಲ್ಲಿ ಸಂಭವನೀಯತೆಗಳನ್ನು ನೇರವಾಗಿ ಕೂಡುವುದಿಲ್ಲ. ಮೊದಲು ಅಲೆಗಳನ್ನು ಕೂಡಿ ಆಮೇಲೆ ವರ್ಗ ಮಾಡುತ್ತಾರೆ. ಈ ವರ್ಗದ ನಿಯಮವನ್ನು 1926ರಲ್ಲಿ ಕೊಟ್ಟವರು ಮ್ಯಾಕ್ಸ್ ಬಾರ್ನ್. ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸೇರಿದ ಉರ್ಬಸಿ ಸಿನ್ಹಾ 2010ರಲ್ಲಿ ಕೆನಡಾದಲ್ಲಿದ್ದಾಗ ಸಂಗಡಿಗರೊಂದಿಗೆ ಮೂರು ಸೀಳುಗಳ ಪ್ರಯೋಗ ಮಾಡಿ ಅದನ್ನು ಒರೆಗೆ ಹಚ್ಚಿದರು, ನಿಯಮ ಗಟ್ಟಿಯಾಗಿ ನಿಂತಿತು.

ಶಾಲೆಯ ಬೀಜಗಣಿತ ನೆನಪಿದ್ದವರಿಗೆ ಇಷ್ಟು ಸಾಕು: ಎ ಮತ್ತು ಬಿ ಕೂಡಿ ವರ್ಗ ಮಾಡಿದರೆ ಎ ವರ್ಗ, ಬಿ ವರ್ಗ, ಜೊತೆಗೆ ಎರಡು ಎಬಿ. ಗೆದ್ದ ದಾರಿಯಿಂದ ಬರುವ ಪಾಲು 34.5, ಸೋತ ದಾರಿಯಿಂದ 29.5, ಕೂಡಿದರೆ 64. ಹತ್ತನೇ ತರಗತಿಯ ಹುಡುಗರು ಪರೀಕ್ಷೆಯಲ್ಲಿ ಬರೆಯಲು ಮರೆತು ಅಂಕ ಕಳೆದುಕೊಳ್ಳುವ ಆ ‘ಎರಡು ಎಬಿ’ಯೇ ವ್ಯತಿಕರಣ. ಎರಡರಲ್ಲೊಂದು ಋಣವಾಗಿದ್ದರೆ ಅದು ಮೊತ್ತವನ್ನು ತಗ್ಗಿಸುತ್ತದೆ. ಎಷ್ಟು ತಗ್ಗುತ್ತದೆ ಎನ್ನುವುದು ಎರಡು ಅಲೆಗಳು ಎಷ್ಟರಮಟ್ಟಿಗೆ ಎದುರುಬದುರಾಗಿವೆ ಎಂಬುದರ ಮೇಲೆ ನಿಲ್ಲುತ್ತದೆ, ಇಲ್ಲಿ ಕಳೆದದ್ದು 28. ಫಲಿತಾಂಶ ತಿಳಿದ ಕೂಡಲೆ ಒಂದು ದಾರಿ ಮುಚ್ಚುತ್ತದೆ, ಕೂಡಲು ಇನ್ನೊಂದು ಅಲೆಯೇ ಇರುವುದಿಲ್ಲ, ವ್ಯತಿಕರಣವೂ ನಿಲ್ಲುತ್ತದೆ. ಗೊತ್ತಿಲ್ಲದ ಸ್ಥಿತಿಯಲ್ಲಿ ಮಾತ್ರ ಎರಡು ಸಾಧ್ಯತೆಗಳು ಒಂದನ್ನೊಂದು ಅಳಿಸುತ್ತಾ ಇರುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಮಿದುಳಿನಲ್ಲಿ ಎಲೆಕ್ಟ್ರಾನುಗಳು ಏನೋ ಪವಾಡ ಮಾಡುತ್ತಿವೆ ಎಂದು ಈ ವಿದ್ವಾಂಸರು ಹೇಳುತ್ತಿಲ್ಲ. ಮಿದುಳು ಸಾಧಾರಣ ಯಂತ್ರವೇ ಆಗಿದ್ದರೂ ಅವರ ವಾದಕ್ಕೆ ಧಕ್ಕೆಯಿಲ್ಲ. ಕ್ವಾಂಟಮ್ ಭೌತವಿಜ್ಞಾನಕ್ಕಾಗಿ ಹುಟ್ಟಿದ ಗಣಿತ ಮನಸ್ಸಿನ ನಡೆಗೂ ಹೊಂದುತ್ತದೆ ಎನ್ನುವುದಷ್ಟೇ ಅವರ ಮಾತು. ಜೂಜಿನ ಲೆಕ್ಕಕ್ಕೆ ಹುಟ್ಟಿದ ಸಂಭವನೀಯತೆ ಇವತ್ತು ಬೆಳೆ ವಿಮೆಗೆ ಬರುವುದಿಲ್ಲವೇ, ಹಾಗೆ. ಕ್ವಾಂಟಮ್ ಎಂಬ ಹೆಸರು ಹಚ್ಚಿ ಲಾಕೆಟ್ಟು, ನೀರಿನ ಬಾಟಲಿ, ಚಿಕಿತ್ಸೆ ಮಾರುವವರು ನಮ್ಮ ಸಣ್ಣ ಊರುಗಳಿಗೂ ಬಂದಿದ್ದಾರೆ. ಕಾಯಿಲೆಯವರ ದುಡ್ಡನ್ನು ಹೀಗೆ ಕೀಳುವುದು ಅನ್ಯಾಯ. ಅವರಿಗೂ ಈ ಗಣಿತಕ್ಕೂ ಸಂಬಂಧವಿಲ್ಲ.

ಕೇಳುವ ಕ್ರಮದ ವಿಷಯಕ್ಕೆ ಬಂದಾಗ ಈ ಲೆಕ್ಕದ ಬಲ ಇನ್ನೂ ಚೆನ್ನಾಗಿ ಕಾಣುತ್ತದೆ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಮೂಲೆಮಟ್ಟಕ್ಕೆ ಎರಡು ಗೆರೆ ಎಳೆಯಿರಿ. ಒಂದಕ್ಕೆ ‘ಹೌದು’, ಇನ್ನೊಂದಕ್ಕೆ ‘ಇಲ್ಲ’ ಎಂದು ಹೆಸರಿಡಿ. ಎರಡೂ ಸೇರುವ ಮೂಲೆಯಿಂದ ಒಂದು ಅಳತೆ ಉದ್ದದ ಕೋಲನ್ನು ಓರೆಯಾಗಿ ಮಲಗಿಸಿ, ಅದೇ ಮನಸ್ಸು. ‘ಹೌದು’ ಗೆರೆಯ ಮೇಲೆ ಅದರ ನೆರಳು 0.8 ಇದ್ದರೆ ‘ಇಲ್ಲ’ ಗೆರೆಯ ಮೇಲೆ 0.6 ಇರುತ್ತದೆ. ವರ್ಗ ಮಾಡಿದರೆ ನೂರಕ್ಕೆ 64 ಮತ್ತು 36, ಕೂಡಿದರೆ ಸರಿಯಾಗಿ ನೂರು, ಪೈಥಾಗೊರಸ್ ಹೇಳಿದ ಹಾಗೆ. ಪ್ರಶ್ನೆ ಕೇಳಿ ಉತ್ತರ ಬಂದ ಮೇಲೆ ಕೋಲು ಓರೆಯಾಗಿ ಉಳಿಯುವುದಿಲ್ಲ, ಹೇಳಿದ ಉತ್ತರದ ಗೆರೆಗೆ ಹೋಗಿ ಮಲಗುತ್ತದೆ.

ಇನ್ನೊಂದು ಪ್ರಶ್ನೆಗೆ ಅದರದೇ ಗೆರೆಗಳಿರುತ್ತವೆ, ಮೊದಲಿನವಕ್ಕೆ ಓರೆಯಾಗಿ. ದೊಡ್ಡಪ್ಪನ ಮನಸ್ಸು ‘ಆಲೂಗಡ್ಡೆ ಹಾಕುತ್ತೇನೆ’ ಎಂಬ ಗೆರೆಯ ಮೇಲೆಯೇ ಮಲಗಿದೆ ಎಂದುಕೊಳ್ಳಿ. ನೇರವಾಗಿ ‘ಹಾಕುತ್ತೀರಾ?’ ಎಂದರೆ ನೂರಕ್ಕೆ ನೂರು ಹೂಂ. ಆದರೆ ಮೊದಲು ‘ಈ ಸಲವೂ ಅಂಗಮಾರಿ ಬರುತ್ತೆ ಅನ್ಸುತ್ತಾ?’ ಎಂದು ಕೇಳಿದೆವು, ಆ ಪ್ರಶ್ನೆಯ ಗೆರೆಗಳು ಇದಕ್ಕೆ 45 ಡಿಗ್ರಿ ಓರೆ. ಬರುತ್ತದೆ ಎನ್ನಲಿ, ಬರುವುದಿಲ್ಲ ಎನ್ನಲಿ, ಕೋಲು ತಿರುಗಿತು. ಈಗ ‘ಹಾಕುತ್ತೀರಾ?’ ಎಂದರೆ ಹೂಂ ಬರುವುದು ಅರ್ಧ ಸಲ ಮಾತ್ರ. ನಾವು ನಡುವೆ ಒಂದು ಪ್ರಶ್ನೆ ಕೇಳಿದ್ದಕ್ಕೇ ಖಚಿತವಾಗಿದ್ದದ್ದು ಅನುಮಾನವಾಯಿತು. ಉದಾಹರಣೆ ನಾನು ಕಟ್ಟಿದ್ದು, ಲೆಕ್ಕ ಮಾತ್ರ ಪುಸ್ತಕದ್ದೇ. ರಾಮನಾಥಪುರದ ತಂಬಾಕು ಹರಾಜಿಗೆ ಬೇಲು ಹೊತ್ತು ತಂದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮೊದಲ ಬೇಲಿಗೆ ಕೂಗಿದ ಬೆಲೆ ಕಿವಿಗೆ ಬಿದ್ದ ಮೇಲೆ ಎರಡನೆಯದನ್ನು ಕೊಡುವುದೋ ವಾಪಸ್ ಒಯ್ಯುವುದೋ ಎಂಬ ಯೋಚನೆ ಬೇರೆ ಮನಸ್ಸಿನಿಂದ ಹುಟ್ಟುತ್ತದೆ.

ಅಮೆರಿಕದಲ್ಲಿ 1997ರ ಸೆಪ್ಟೆಂಬರಿನಲ್ಲಿ ಗ್ಯಾಲಪ್ ಸಮೀಕ್ಷೆಯವರು ಆಗಿನ ಅಧ್ಯಕ್ಷ, ಉಪಾಧ್ಯಕ್ಷರ ಬಗ್ಗೆ ಅರ್ಧ ಜನರನ್ನು ಮೊದಲು ‘ಬಿಲ್ ಕ್ಲಿಂಟನ್ ಪ್ರಾಮಾಣಿಕರೇ?’, ಆಮೇಲೆ ‘ಆಲ್ ಗೋರ್ ಪ್ರಾಮಾಣಿಕರೇ?’ ಎಂದು ಕೇಳಿದರು. ಇನ್ನರ್ಧ ಜನಕ್ಕೆ ಕ್ರಮ ತಿರುಗಿಸಿದರು. ಮೊದಲು ಕೇಳಿದಾಗ ಕ್ಲಿಂಟನ್‌ಗೆ ನೂರಕ್ಕೆ 50 ಹೌದು, ಗೋರ್ ನಂತರ ಕೇಳಿದಾಗ 57. ಗೋರ್‌ಗೆ ಮೊದಲು ಕೇಳಿದಾಗ 68, ಕ್ಲಿಂಟನ್ ನಂತರ 60. ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳುತ್ತದೆ ಎಂಬುದು ಹಳೆಯ ತಿಳಿವಳಿಕೆ. ಕ್ವಾಂಟಮ್ ಲೆಕ್ಕ ಅದರಾಚೆಗೆ ಒಂದು ಖಚಿತ ಭವಿಷ್ಯ ಹೇಳುತ್ತದೆ: ಕ್ರಮ ಹೇಗೇ ಇರಲಿ, ಎರಡೂ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟವರ (ಹೌದು-ಹೌದು ಅಥವಾ ಇಲ್ಲ-ಇಲ್ಲ) ಒಟ್ಟು ಮೊತ್ತ ಬದಲಾಗಬಾರದು. ಕ್ಲಿಂಟನ್-ಗೋರ್ ಸಮೀಕ್ಷೆಯಲ್ಲಿ ಕ್ರಮ ತಿರುಗಿಸಿದಾಗ ಹೌದು-ಹೌದು ಎಂದವರು ಎಷ್ಟು ಏರಿದರೋ ಇಲ್ಲ-ಇಲ್ಲ ಎಂದವರು ಹೆಚ್ಚು ಕಡಿಮೆ ಅಷ್ಟೇ ಇಳಿದರು, ಮೊತ್ತ ಎರಡು ಕ್ರಮದಲ್ಲೂ ಸುಮಾರು 78ಕ್ಕೇ ನಿಂತಿತು. ಜೆಂಗ್ ವಾಂಗ್, ಬುಸೆಮೇಯರ್ ಮತ್ತು ಸಂಗಡಿಗರು ಅಮೆರಿಕದ 70 ರಾಷ್ಟ್ರೀಯ ಸಮೀಕ್ಷೆಗಳನ್ನು ಜಾಲಾಡಿ 2014ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಸಮಾನತೆ ಗಟ್ಟಿಯಾಗಿ ಕಂಡಿತು. ನನ್ನನ್ನು ಒಪ್ಪಿಸಿದ್ದು ಇದು. ಬೇಕಾದ ಹಾಗೆ ತಿರುಚಿ ಹೊಂದಿಸಿಕೊಳ್ಳಲು ಇಲ್ಲಿ ಒಂದು ತಿರುಪೂ ಇಲ್ಲ.

ಎಲ್ಲರೂ ಒಪ್ಪಿದ್ದಾರೆ ಎಂದಲ್ಲ. ಜೂಜಿನ ಪ್ರಯೋಗವನ್ನು ಆಂಟನ್ ಕ್ಯೂಬರ್ಗರ್ ಮತ್ತು ಸಂಗಡಿಗರು ಮತ್ತೆ ಮಾಡಿ ನೋಡಿದಾಗ ಆ ಪರಿಣಾಮ ಸಿಗಲಿಲ್ಲ ಎಂದು 2001ರಲ್ಲಿ ವರದಿ ಮಾಡಿದರು. ಪ್ರಶ್ನೆಯ ಕ್ರಮದ ಸಮಾನತೆಯನ್ನು ಹಳೆಯ ಸಂಭವನೀಯತೆಯಿಂದಲೂ ತರಬಹುದು ಎಂದು ಡೇವಿಡ್ ಕೆಲೆನ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದರು. ವಾದ ನಡೆಯುತ್ತಿದೆ, ನಡೆಯಲಿ.

ಚನ್ನರಾಯಪಟ್ಟಣ ತಾಲ್ಲೂಕಿನವರಿಗೆ ಈ ಚರ್ಚೆ ಪೂರ್ತಿ ಪರದೇಶದ್ದು ಅನ್ನಿಸಬೇಕಾಗಿಲ್ಲ. ಶ್ರವಣಬೆಳಗೊಳ ಇರುವುದು ಅದೇ ತಾಲ್ಲೂಕಿನಲ್ಲಿ. ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯಲ್ಲಿ ಕಡೆಸಿದ ಗೊಮ್ಮಟನನ್ನು ನೋಡಿ ಬರುವ ನಾವು, ಆ ಬೆಟ್ಟಗಳಲ್ಲಿ ತಲೆಮಾರುಗಳ ಕಾಲ ಓದಿ ಚರ್ಚಿಸಿದ ಸ್ಯಾದ್ವಾದದ ಕಡೆ ಗಮನ ಕೊಡುವುದು ಕಡಿಮೆ. ಜೈನ ತಾರ್ಕಿಕರ ಪ್ರಕಾರ ಒಂದು ವಸ್ತುವಿನ ಬಗ್ಗೆ ಏಳು ಬಗೆಯಲ್ಲಿ ಹೇಳಬಹುದು. ಒಂದು ದೃಷ್ಟಿಯಿಂದ ಇದೆ, ಒಂದು ದೃಷ್ಟಿಯಿಂದ ಇಲ್ಲ, ಇದೆ ಮತ್ತು ಇಲ್ಲ, ಆಮೇಲೆ ಅವಕ್ತವ್ಯ ಅಂದರೆ ಮಾತಿಗೆ ಸಿಗದ್ದು, ಮತ್ತೆ ಇವುಗಳ ಜೋಡಣೆ. ಭಾರತದ ಸಂಖ್ಯಾಶಾಸ್ತ್ರಕ್ಕೆ ಬುನಾದಿ ಹಾಕಿದ ಪಿ.ಸಿ. ಮಹಾಲನೋಬಿಸ್ 1954ರ ಒಂದು ಲೇಖನದಲ್ಲಿ ಈ ಅವಕ್ತವ್ಯವನ್ನು ಸಂಭವನೀಯತೆಯ ಪಕ್ಕ ಇಟ್ಟು ನೋಡಿದರು. ಬ್ರಿಟನ್ನಿನಿಂದ ಬಂದು ಇಲ್ಲೇ ನೆಲೆಸಿದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ‘ಸಂಖ್ಯಾ’ ಪತ್ರಿಕೆಯಲ್ಲಿ ಸ್ಯಾದ್ವಾದದ ಬಗ್ಗೆಯೇ ಬರೆದರು. ಮನುಷ್ಯನಿಗೆ ತೀರ ಮಂದವಾದ ಬೆಳಕು ತೋರಿಸಿ, ತೀರ ತೆಳುವಾದ ಕಹಿ ನೀರು ಕುಡಿಸಿ, ‘ಕಾಣುತ್ತಾ? ಕಹಿಯಾ?’ ಎಂದು ಕೇಳುವ ಪ್ರಯೋಗಗಳನ್ನು ಅವರು ತೆಗೆದುಕೊಳ್ಳುತ್ತಾರೆ. ಕೆಲವು ಪ್ರಯೋಗಗಾರರು ಹೌದು, ಇಲ್ಲ ಎಂಬ ಎರಡೇ ಉತ್ತರಕ್ಕೆ ಅವಕಾಶ ಕೊಡುತ್ತಾರೆ. ‘ಹೇಳಲಾರೆ’ ಎಂಬ ಮೂರನೆಯ ಉತ್ತರಕ್ಕೂ ಜಾಗ ಕೊಟ್ಟರೆ ಏಳು ಬಗೆಯ ಮಾತು ನಿಜಕ್ಕೂ ಕೆಲಸಕ್ಕೆ ಬರುತ್ತದೆ ಎಂದು ಹಾಲ್ಡೇನ್ ತೋರಿಸಿದರು.

ಕ್ವಾಂಟಮ್ ಸಿದ್ಧಾಂತ ನಮ್ಮ ಹಳೆಯ ಗ್ರಂಥಗಳಲ್ಲಿ ಆಗಲೇ ಇತ್ತು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಜೈನ ತಾರ್ಕಿಕರಿಗೂ ಅನ್ಯಾಯ, ಬಾರ್ನ್‌ಗೂ ಅನ್ಯಾಯ. ಅಲೆಯನ್ನು ಕೂಡಿ ವರ್ಗ ಮಾಡುವ ಲೆಕ್ಕ ಸ್ಯಾದ್ವಾದದಲ್ಲಿ ಇಲ್ಲ. ಆದರೆ ‘ಹೇಳಲಾರೆ’ ಎನ್ನುವುದನ್ನು ಅಜ್ಞಾನ ಎಂದು ಬದಿಗೆ ತಳ್ಳದೆ, ಅದಕ್ಕೊಂದು ಹೆಸರು ಕೊಟ್ಟು ಉಳಿದ ಉತ್ತರಗಳ ಸಾಲಿನಲ್ಲಿ ಕೂರಿಸಿದ ಗೌರವ ಅಲ್ಲಿದೆ. ನಮ್ಮ ಸರ್ಕಾರಿ ಫಾರಮ್ಮುಗಳಲ್ಲಿ, ಸಮೀಕ್ಷೆಯ ಪಟ್ಟಿಗಳಲ್ಲಿ ಆ ಗೌರವ ಕಾಣುವುದು ಅಪರೂಪ. ಬೆಳೆ ಯಾವುದೆಂದು ಬಿತ್ತನೆಗೆ ಮುಂಚೆ ಕೇಳಿದರೆ ಒಂದು ಹೆಸರು ಹೇಳಲೇಬೇಕು, ‘ಇನ್ನೂ ಆಗಿಲ್ಲ’ ಎಂದರೆ ಬರೆದುಕೊಳ್ಳಲು ಕಾಲಮ್ಮೇ ಇರುವುದಿಲ್ಲ. ರೈತ ಏನೋ ಒಂದು ಹೇಳುತ್ತಾನೆ, ಅದು ಅಂಕಿಅಂಶವಾಗುತ್ತದೆ, ಆಮೇಲೆ ಅವನು ಬೇರೆ ಬಿತ್ತಿದರೆ ಚಂಚಲ ಎಂಬ ಹೆಸರು ಬರುತ್ತದೆ. ನಾನೂ ಅಂಗಳದಲ್ಲಿ ಕೂತು ದೊಡ್ಡಪ್ಪನಿಗೆ ಮಾಡಿದ್ದು ಅದನ್ನೇ.

ಆ ವರ್ಷ ಅವರು ಹಾಸನಕ್ಕೆ ಹೋದರು, ನಾನು ಹೇಳಿದ ಮರುದಿನ ಅಲ್ಲ, ಎಂಟು ಹತ್ತು ದಿನ ಬಿಟ್ಟು. ಅರ್ಧ ಹೊಲಕ್ಕೆ ಆಗುವಷ್ಟು ಬಿತ್ತನೆ ಗಡ್ಡೆ ತಂದರು, ಉಳಿದರ್ಧಕ್ಕೆ ಜೋಳ. ಸಂಜೆ ಮೂಟೆ ಇಳಿಸುವಾಗ, ಈ ಸಲ ವಾದ ಮಾಡದೆ, ಹಾಕುವುದೆಂದು ಯಾವಾಗ ತೀರ್ಮಾನ ಮಾಡಿದಿರಿ ಎಂದು ಕೇಳಿದೆ. ಮನೆಯಿಂದ ಹೊರಡುವಾಗಲೇ, ಅಥವಾ ಬಸ್ಸಿನಲ್ಲಿ, ಹೀಗೆ ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ.

“ಮಂಡಿಲಿ ಮೂಟೆ ಬಿಚ್ಚಿಸಿ ಒಂದು ಗಡ್ಡೆ ಕೈಗೆ ತಕ್ಕೊಂಡೆ ನೋಡು. ಕಣ್ಣು ಚೆನ್ನಾಗ್ ಒಡೆದಿತ್ತು, ಆಗ” ಎಂದರು. “ಅಲ್ಲೀಗಂಟ ಆಗೇ ಇರ್ನಿಲ್ಲ ಕಣಪ್ಪ.”